ಏಕೆ ಬದಲಿಸಿದೆವು ಎಂದು ಬರೆದಿಡೋಣ

ಕಳೆದ ತಿಂಗಳು ನಾನು ಗೆಳೆಯನೊಬ್ಬನ ಮೇಲೆ ತಪ್ಪು ಆರೋಪ ಹೊರಿಸಿದೆ. ಅದೂ ಕಂಪ್ಯೂಟರ್ ಲ್ಯಾಬ್‌ನಲ್ಲಿ, ಎಲ್ಲರ ಮುಂದೆ. ಈ ಲೇಖನ ಬರೆಯಲು ಅದೇ ಕಾರಣ.

ನಾವು ನಾಲ್ವರು ಸೇರಿ ಕಾಲೇಜಿನ ಗ್ರಂಥಾಲಯಕ್ಕಾಗಿ ಒಂದು ಸಣ್ಣ ತಂತ್ರಾಂಶ ತಯಾರಿಸುತ್ತಿದ್ದೇವೆ. ಯಾರು ಯಾವ ಪುಸ್ತಕ ಒಯ್ದರು, ಯಾವಾಗ ಮರಳಿಸಬೇಕು, ತಡವಾದರೆ ದಂಡ ಎಷ್ಟು ಎಂಬುದನ್ನು ಅದು ಲೆಕ್ಕ ಹಾಕುತ್ತದೆ. ಪುಸ್ತಕ ಇಟ್ಟುಕೊಳ್ಳಲು 14 ದಿನಗಳ ಅವಕಾಶವಿದೆ. ಆದರೆ ಹತ್ತೇ ದಿನಕ್ಕೆ ಪುಸ್ತಕ ತಂದುಕೊಟ್ಟ ವಿದ್ಯಾರ್ಥಿನಿಗೆ ನಮ್ಮ ತಂತ್ರಾಂಶ ದಂಡ ತೋರಿಸಿತು. ತೆರೆದು ನೋಡಿದರೆ, ಕೋಡ್‌ನಲ್ಲಿ 14 ಇರಬೇಕಾದ ಜಾಗದಲ್ಲಿ 7 ಇತ್ತು. ಹಿಂದಿನ ದಿನ ದಂಡದ ಪುಟದಲ್ಲಿ ಕೆಲಸ ಮಾಡಿದ್ದವನು ಆ ಗೆಳೆಯ. "ನೋಡದೆ ಕೈ ಹಾಕುತ್ತೀಯಲ್ಲ" ಎಂದು ಅವನನ್ನು ಗದರಿಸಿಬಿಟ್ಟೆ.

ನಾವು ಬಳಸುವುದು ಗಿಟ್ ಎಂಬ ವ್ಯವಸ್ಥೆಯನ್ನು. ಕೋಡ್‌ನಲ್ಲಿ ಮಾಡಿದ ಪ್ರತಿ ಬದಲಾವಣೆಯನ್ನೂ ಅದು 'ಕಮಿಟ್' ಎಂದು ದಾಖಲಿಸುತ್ತದೆ. ಪ್ರತಿ ಸಲವೂ ಒಂದು ಸಂದೇಶ ಬರೆಯಿರಿ ಎಂದು ಕೇಳುತ್ತದೆ. ನಮ್ಮ ದಾಖಲೆ ತೆರೆದಾಗ ಕಂಡದ್ದು ಇಷ್ಟು: 'ಅಪ್‌ಡೇಟ್', 'ಅಪ್‌ಡೇಟ್', 'ಸರಿ ಮಾಡಿದೆ', 'ಫೈನಲ್', 'ಫೈನಲ್ 2', 'ಚೇಂಜಸ್'. ಇದರಿಂದ ಏನೂ ಗೊತ್ತಾಗಲಿಲ್ಲ. ಕೊನೆಗೆ 'ಗಿಟ್ ಬ್ಲೇಮ್' ಆಜ್ಞೆ ಕೊಟ್ಟೆವು. ಪ್ರತಿ ಸಾಲನ್ನೂ ಕೊನೆಯದಾಗಿ ಬದಲಿಸಿದವರು ಯಾರೆಂದು ಅದು ತೋರಿಸುತ್ತದೆ. ಆ ಸಾಲಿನ ಪಕ್ಕದಲ್ಲಿ ಇದ್ದದ್ದು ನನ್ನದೇ ಹೆಸರು. ಸಂದೇಶ: 'ಚೇಂಜಸ್'.

ಏಕೆ ಬದಲಿಸಿದ್ದೆ ಎಂಬುದು ನನಗೇ ನೆನಪಿರಲಿಲ್ಲ. ಗ್ರಂಥಪಾಲಕರನ್ನು ಕೇಳಿದಾಗ ಅವರು ನೆನಪಿಸಿದರು. ಪರೀಕ್ಷೆಯ ತಿಂಗಳಲ್ಲಿ ಪುಸ್ತಕಗಳ ಪ್ರತಿಗಳು ಸಾಲದೆ, ಒಂದು ವಾರಕ್ಕೆ ಮಾತ್ರ ಕೊಡಬೇಕೆಂದು ಅವರೇ ಹೇಳಿದ್ದರು. ಪರೀಕ್ಷೆ ಮುಗಿದ ಮೇಲೆ ಮತ್ತೆ 14 ಮಾಡುವುದನ್ನು ನಾನು ಮರೆತಿದ್ದೆ. ಅಂದು ನಾನು ಹೀಗೆ ಬರೆದಿದ್ದರೆ ಸಾಕಿತ್ತು:

"ಪುಸ್ತಕದ ಅವಧಿಯನ್ನು 7 ದಿನಕ್ಕೆ ಇಳಿಸು

ಪರೀಕ್ಷೆಯ ತಿಂಗಳಲ್ಲಿ ಪ್ರತಿಗಳು ಸಾಲುತ್ತಿಲ್ಲ. ಗ್ರಂಥಪಾಲಕರ ಸೂಚನೆ. ಪರೀಕ್ಷೆ ಮುಗಿದ ಮೇಲೆ ಮತ್ತೆ 14 ಮಾಡಬೇಕು."

ಇದನ್ನು ಬರೆಯಲು ಒಂದು ನಿಮಿಷ ಬೇಕು. ಬರೆಯದ ಕಾರಣ ಒಂದು ಮಧ್ಯಾಹ್ನ ಹಾಳಾಯಿತು, ಒಬ್ಬ ಗೆಳೆಯನ ಮನಸ್ಸು ನೊಂದಿತು. ಎಲ್ಲರ ಮುಂದೆಯೇ ಅವನಲ್ಲಿ ಕ್ಷಮೆ ಕೇಳಿದೆ.

"ಕೋಡ್ ಓದಿದರೆ ಗೊತ್ತಾಗುತ್ತದಲ್ಲ, ಸಂದೇಶವೇಕೆ?" ಎಂದು ಕೆಲವರು ಕೇಳುತ್ತಾರೆ. ಏನು ಬದಲಾಯಿತು ಎಂಬುದನ್ನು ಕೋಡ್ ಹೇಳುತ್ತದೆ, ನಿಜ. ಏಕೆ ಬದಲಾಯಿತು ಎಂಬುದನ್ನು ಹೇಳುವುದಿಲ್ಲ. 14 ಹೋಗಿ 7 ಬಂದದ್ದು ಎಲ್ಲರಿಗೂ ಕಾಣುತ್ತದೆ. ಅದರ ಹಿಂದಿನ ಪರೀಕ್ಷೆಯ ತಿಂಗಳು ಯಾರಿಗೂ ಕಾಣುವುದಿಲ್ಲ.

ಲೈನಸ್ ಟೊರ್ವಾಲ್ಡ್ಸ್ 2005ರಲ್ಲಿ ಗಿಟ್ ರಚಿಸಿದ್ದು ಲಿನಕ್ಸ್ ಕರ್ನಲ್‌ನ ಕೆಲಸಕ್ಕಾಗಿ. ಅದರಲ್ಲಿ ಹಲವು ದೇಶಗಳ ಸಾವಿರಾರು ಜನ ಒಬ್ಬರ ಮುಖ ಒಬ್ಬರು ನೋಡದೆ ಕೆಲಸ ಮಾಡುತ್ತಾರೆ. ಅಲ್ಲಿ ಬದಲಾವಣೆಯ ಕಾರಣವನ್ನು ಸಂದೇಶದಲ್ಲಿ ವಿವರಿಸದಿದ್ದರೆ ಕೋಡ್ ಸುಲಭವಾಗಿ ಸ್ವೀಕಾರವಾಗುವುದಿಲ್ಲ. ಗಿಟ್‌ನ ಕೈಪಿಡಿಯ ಸಲಹೆಯೂ ಸರಳ: ಮೊದಲು ಸುಮಾರು 50 ಅಕ್ಷರಗಳೊಳಗಿನ ಒಂದು ಸಾಲು, ನಂತರ ಒಂದು ಖಾಲಿ ಸಾಲು, ಬಳಿಕ ವಿವರಣೆ. ಮೊದಲ ಸಾಲು ಆಜ್ಞೆಯ ರೂಪದಲ್ಲಿದ್ದರೆ ಒಳ್ಳೆಯದು: 'ಇಳಿಸಿದೆ' ಎನ್ನುವ ಬದಲು 'ಇಳಿಸು'. ಒಂದು ಕಮಿಟ್‌ನಲ್ಲಿ ಒಂದೇ ಕೆಲಸವಿರಲಿ. ದಂಡದ ಲೆಕ್ಕ ಮತ್ತು ಪುಟದ ಬಣ್ಣ ಎರಡನ್ನೂ ಒಟ್ಟಿಗೆ ಸೇರಿಸಿದರೆ, ಮುಂದೆ ಆ ಕಮಿಟ್ ರದ್ದು ಮಾಡುವಾಗ ಎರಡೂ ಹೋಗುತ್ತವೆ.

ನಮ್ಮಲ್ಲಿ ಹಲವರು 'ಅಪ್‌ಡೇಟ್' ಎಂದಷ್ಟೇ ಬರೆಯುವುದು ಸೋಮಾರಿತನದಿಂದಲ್ಲ, ಇಂಗ್ಲಿಷ್‌ನ ಅಂಜಿಕೆಯಿಂದ. ಕನ್ನಡ ಮಾಧ್ಯಮದಿಂದ ಬಂದ ನನಗೂ ಅದಿತ್ತು. ಗಿಟ್ ಕನ್ನಡ ಲಿಪಿಯನ್ನೂ ಸ್ವೀಕರಿಸುತ್ತದೆ. ತಂಡದವರೆಲ್ಲ ಕನ್ನಡ ಓದುವವರಾದರೆ ಕನ್ನಡದಲ್ಲೇ ಬರೆಯೋಣ. ಅರ್ಥವಿಲ್ಲದ ಒಂದು ಇಂಗ್ಲಿಷ್ ಪದಕ್ಕಿಂತ ಅರ್ಥವಾಗುವ ಎರಡು ಕನ್ನಡ ವಾಕ್ಯ ಮೇಲು.

ಪವಿತ್ರ ಕುರ್‌ಆನಿನ ಅತಿ ದೀರ್ಘ ಆಯತ್ ಸೂರಃ ಅಲ್ ಬಕರದಲ್ಲಿದೆ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂಬುದು ಅದರ ವಿಷಯ. ಮೊತ್ತ ಚಿಕ್ಕದೆಂದು ಬರೆಯದೆ ಬಿಡಬಾರದು, ಬರೆದಿಟ್ಟರೆ ಮುಂದೆ ಸಂಶಯಕ್ಕೆ ಎಡೆ ಇರುವುದಿಲ್ಲ ಎಂಬ ಆಶಯ ಅದರಲ್ಲಿದೆ. ಬಾಲ್ಯದಿಂದ ಮದ್ರಸದಲ್ಲಿ ಕೇಳಿದ ಪಾಠವಿದು. ಕಮಿಟ್ ಸಂದೇಶ ಸಾಲಪತ್ರವಲ್ಲ, ಆದರೆ ಸಂಶಯ ಗೆಳೆತನವನ್ನು ಹೇಗೆ ಕೆಡಿಸುತ್ತದೆ ಎಂಬುದನ್ನು ನಾನೀಗ ಬಲ್ಲೆ.

ಉಪನ್ಯಾಸಕರಲ್ಲಿ ಒಂದು ವಿನಂತಿ. ಪ್ರಾಜೆಕ್ಟ್ ಪರಿಶೀಲಿಸುವಾಗ ತಂತ್ರಾಂಶ ಓಡುತ್ತದೆಯೇ ಎಂದು ನೋಡುವುದರ ಜೊತೆಗೆ ಕಮಿಟ್ ದಾಖಲೆಯನ್ನೂ ತೆರೆದು ನೋಡಿ. ಅದಕ್ಕೂ ಎರಡು ಅಂಕವಿರಲಿ.

ಗೆಳೆಯರೇ, ಮುಂದಿನ ವರ್ಷ ನಾವು ಇಲ್ಲಿ ಇರುವುದಿಲ್ಲ. ಈ ಕೋಡ್ ಪ್ರಥಮ ಪಿಯುಸಿಯ ತಮ್ಮ ತಂಗಿಯರ ಕೈಗೆ ಹೋಗುತ್ತದೆ. "ಇದನ್ನು ಏಕೆ ಹೀಗೆ ಮಾಡಿದರು?" ಎಂದು ಕೇಳಲು ಆಗ ಅವರಿಗೆ ನಾವು ಸಿಗುವುದಿಲ್ಲ. ಉತ್ತರವನ್ನು ಈಗಲೇ ಬರೆದಿಟ್ಟು ಹೋಗೋಣ.