ಕಾಣಿಸುವ ಖಾತ್ರಿ ಬೇಡ

ಯಶವಂತಪುರದಲ್ಲಿ ರೈಲು ಹತ್ತಿ ಕಾರವಾರದಲ್ಲಿ ಇಳಿಯುವ ಕುಟುಂಬಗಳ ಪ್ರವಾಸದ ಪಟ್ಟಿಯಲ್ಲಿ ದೇವಸ್ಥಾನ, ಕಡಲತೀರ, ಮೀನೂಟದ ಜೊತೆಗೆ ಈಗ ಡಾಲ್ಫಿನ್ ದರ್ಶನವೂ ಸೇರಿಕೊಂಡಿದೆ. ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಕಡೆಯಿಂದ ರಜೆಯಲ್ಲಿ ಗೋಕರ್ಣ, ಮುರುಡೇಶ್ವರ, ದೇವಬಾಗಕ್ಕೆ ಹೋಗುವವರು ದೋಣಿಯವರನ್ನು ಮೊದಲು ಕೇಳುವ ಪ್ರಶ್ನೆ ಒಂದೇ: ‘ಖಂಡಿತ ಕಾಣಿಸುತ್ತಾ?’ ‘ಖಂಡಿತ’ ಎಂದವರ ದೋಣಿ ತುಂಬುತ್ತದೆ. ಕಡಲಜೀವಿಗಳನ್ನು ಅವು ಬದುಕುವ ನೀರಿಗೇ ಹೋಗಿ ನೋಡುವುದು ಸರಿಯೇ ಎಂಬುದು ಹಳೆಯ ಚರ್ಚೆ. ನೋಡುವುದರಲ್ಲಿ ತಪ್ಪೇನೂ ಇಲ್ಲ. ಕೊಟ್ಟ ಹಣಕ್ಕೆ ಪ್ರಾಣಿ ಕಂಡೇ ತೀರಬೇಕು ಎಂಬ ಹಟದಲ್ಲಿ ತಪ್ಪಿದೆ ಎಂಬುದು ನನ್ನ ವಾದ.

ಮೊದಲು ಈ ಪ್ರವಾಸದ ಪರವಾಗಿ ಹೇಳಬೇಕಾದುದನ್ನು ಹೇಳಬೇಕು. 1955ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಮೀನುಗಾರರೊಬ್ಬರು ಒಂದು ಡಾಲರ್ ಪಡೆದು ಬೂದು ತಿಮಿಂಗಿಲಗಳನ್ನು ತೋರಿಸತೊಡಗಿದರು. ಎಣ್ಣೆ, ಮಾಂಸಕ್ಕಾಗಿ ತಿಮಿಂಗಿಲಗಳನ್ನು ಕೊಲ್ಲುತ್ತಿದ್ದ ಕಾಲ ಅದು. ವಾಣಿಜ್ಯ ಬೇಟೆಗೆ ಅಂತರರಾಷ್ಟ್ರೀಯ ತಡೆ ಜಾರಿಗೆ ಬಂದದ್ದು 1986ರಲ್ಲಿ. 2008ರ ಹೊತ್ತಿಗೆ ತಿಮಿಂಗಿಲ, ಡಾಲ್ಫಿನ್‌ಗಳನ್ನು ನೋಡಲು ಹೋಗುವವರ ಸಂಖ್ಯೆ ವರ್ಷಕ್ಕೆ 1.3 ಕೋಟಿ ಮುಟ್ಟಿತ್ತು. ಸತ್ತ ಪ್ರಾಣಿಗಿಂತ ಬದುಕಿರುವ ಪ್ರಾಣಿಗೇ ಹೆಚ್ಚು ಬೆಲೆ ಎಂದು ಲೋಕಕ್ಕೆ ತೋರಿಸಿಕೊಟ್ಟದ್ದರಲ್ಲಿ ಈ ಪ್ರವಾಸಕ್ಕೂ ಪಾಲಿದೆ. ನಮ್ಮ ದೇಶ 2013ರಲ್ಲಿ ಡಾಲ್ಫಿನ್‌ಗಳನ್ನು ತೊಟ್ಟಿಯಲ್ಲಿಟ್ಟು ಆಟ ಆಡಿಸುವುದಕ್ಕೆ ಅನುಮತಿ ನಿರಾಕರಿಸಿತು. ತೊಟ್ಟಿ ಬೇಡವೆಂದ ಮೇಲೆ, ನೋಡಬೇಕೆನ್ನುವವರು ಕಡಲಿಗೇ ಹೋಗಬೇಕು. ಅದು ನ್ಯಾಯವೇ.

ಆದರೆ ಕಡಲಲ್ಲಿ ನಡೆಯುವುದೇನು? ಕಾರವಾರದ ಬಳಿ ಕಾಳಿ ನದಿ ಸಮುದ್ರ ಸೇರುವ ಕಡೆ, ಕೂರ್ಮಗಡ ದ್ವೀಪದ ಸುತ್ತಮುತ್ತ ಕಾಣುವುದು ಬೆನ್ನ ಮೇಲೆ ಗೂನಿರುವ ಹಂಪ್‌ಬ್ಯಾಕ್ ಡಾಲ್ಫಿನ್. ಸಿನಿಮಾದಲ್ಲಿ ಕಂಡಂತೆ ನೀರಿನಿಂದ ಮೇಲಕ್ಕೆ ನೆಗೆದು ರಂಜಿಸುವ ಸ್ವಭಾವ ಇದಕ್ಕೆ ಕಡಿಮೆ. ಮೊದಲು ಉದ್ದನೆಯ ಮೂತಿ ನೀರನ್ನು ಸೀಳುತ್ತದೆ, ಹಿಂದೆಯೇ ಬೂದು ಗೂನು, ಅದರ ಮೇಲೆ ಕೂತಂತಿರುವ ಪುಟ್ಟ ರೆಕ್ಕೆ. ‘ಫುಸ್’ ಎಂಬ ಉಸಿರು ಕೇಳುವಷ್ಟರಲ್ಲಿ ನೀರು ಮತ್ತೆ ಸಪಾಟು. ಅಷ್ಟೇ. ಮುಂದೆ ಎಲ್ಲಿ ಏಳುತ್ತದೋ ಹೇಳಲಾಗದು. ದೋಣಿಯಲ್ಲಿರುವವರ ಚಡಪಡಿಕೆ ಶುರುವಾಗುವುದೇ ಆಗ. ‘ಅಣ್ಣಾ, ಇನ್ನೂ ಸ್ವಲ್ಪ ಹತ್ರ ತಗೊಳ್ಳಿ, ಫೋಟೋದಲ್ಲಿ ಏನೂ ಕಾಣ್ತಿಲ್ಲ.’ ದೋಣಿಯವರು ಇಂಜಿನ್ ಜೋರು ಮಾಡುತ್ತಾರೆ. ಅದನ್ನು ಕಂಡು ಇನ್ನೆರಡು ದೋಣಿ ಬರುತ್ತವೆ. ಈಗ ಡಾಲ್ಫಿನ್ ಏಳಬೇಕಾದ ಕಡೆಯೆಲ್ಲ ದೋಣಿಗಳೇ.

ಇದರಿಂದ ಅದಕ್ಕೇನು ತೊಂದರೆ ಎಂದು ಕೇಳಬಹುದು. ನದಿ ತಂದು ಸುರಿಯುವ ಕೆಸರಿನಿಂದ ಅಳಿವೆಯ ನೀರು ಕದಡಿರುತ್ತದೆ. ಅಲ್ಲಿ ಕಣ್ಣಿನಿಂದ ಹೆಚ್ಚು ದೂರ ಕಾಣದು. ಡಾಲ್ಫಿನ್ ತಾನೇ ಸದ್ದು ಹೊರಡಿಸಿ, ಅದರ ಮಾರ್ದನಿಯಿಂದ ಮೀನು ಎಲ್ಲಿದೆ, ಮರಿ ಎಲ್ಲಿದೆ ಎಂದು ತಿಳಿಯುತ್ತದೆ. ನೀರಿನಲ್ಲಿ ಸದ್ದು ಗಾಳಿಯಲ್ಲಿ ಸಾಗುವುದರ ನಾಲ್ಕು ಪಟ್ಟಿಗಿಂತ ಹೆಚ್ಚು ವೇಗದಲ್ಲಿ ಸಾಗುತ್ತದೆ. ಹಾಗಾಗಿ ಔಟ್‌ಬೋರ್ಡ್ ಇಂಜಿನ್ನಿನ ಮೊರೆತ ನಮ್ಮ ಪಾಲಿಗೆ ಕಿರಿಕಿರಿಯಷ್ಟೇ ಆದರೆ, ಅದರ ಪಾಲಿಗೆ ಕಣ್ಣಿಗೆ ಕಟ್ಟಿದ ಬಟ್ಟೆ.

ಇದು ಊಹೆಯ ಮಾತಲ್ಲ. ಅಮೆರಿಕ ಮತ್ತು ಕೆನಡಾದ ಗಡಿಯಲ್ಲಿರುವ ಸೇಲಿಶ್ ಸಮುದ್ರದಲ್ಲಿ ನೆಲೆಸಿರುವ, ಡಾಲ್ಫಿನ್ ಕುಟುಂಬಕ್ಕೇ ಸೇರಿದ ಓರ್ಕಾಗಳು ಜಗತ್ತಿನಲ್ಲಿ ಅತಿ ಹೆಚ್ಚು ಅಧ್ಯಯನಕ್ಕೆ ಒಳಗಾದ ಕಡಲಜೀವಿಗಳಲ್ಲಿ ಸೇರಿವೆ. ಒಂದೊಂದಕ್ಕೂ ಗುರುತಿನ ಸಂಖ್ಯೆ ಇದೆ. 2005ರಲ್ಲಿ ಅಮೆರಿಕ ಅವನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಈಗಿರುವುದು ಎಂಬತ್ತಕ್ಕಿಂತ ಕಡಿಮೆ. ಅವುಗಳ ಮೈಗೆ ಉಪಕರಣ ಅಂಟಿಸಿ ನಡೆಸಿದ, 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳುವಂತೆ, ದೋಣಿಗಳು ಸುಮಾರು 365 ಮೀಟರಿಗಿಂತ ಹತ್ತಿರ ಬಂದಾಗ ಹೆಣ್ಣು ಓರ್ಕಾಗಳು ಬೇಟೆಯನ್ನು ಅರ್ಧಕ್ಕೇ ಬಿಡುವುದು ಹೆಚ್ಚು. ಮರಿಗೆ ಹಾಲೂಡಿಸಬೇಕಾದವು ಹಸಿದಿರುತ್ತವೆ. 2011ರಲ್ಲಿ ಅಮೆರಿಕ ಅಲ್ಲಿ ದೋಣಿಗಳಿಗೆ ವಿಧಿಸಿದ ಅಂತರ ಸುಮಾರು 180 ಮೀಟರ್. ವಾಷಿಂಗ್ಟನ್ ರಾಜ್ಯದಲ್ಲಿ 2025ರ ಜನವರಿಯಿಂದ ಅದು ಸುಮಾರು 900 ಮೀಟರ್. ಅಷ್ಟು ತಿಳಿದವರೂ ಅಂತರವನ್ನು ಹಿಗ್ಗಿಸುತ್ತಲೇ ಹೋಗಬೇಕಾಯಿತು. ಸಾಮನ್ ಮೀನಿನ ಕೊರತೆ, ವಿಷದ ನೀರು ಇವೂ ಆ ಓರ್ಕಾಗಳನ್ನು ಕಾಡುತ್ತಿವೆ. ಆದರೆ ಆ ಕಾರಣಗಳನ್ನು ಸರಿಪಡಿಸಲು ದಶಕಗಳು ಬೇಕು, ದೋಣಿಯನ್ನು ದೂರ ನಿಲ್ಲಿಸಲು ಒಂದು ದಿನ ಸಾಕು.

ನಮ್ಮ ಕರಾವಳಿಯಲ್ಲೂ ಇದೇ ಆಕ್ಷೇಪ ಕೇಳಿಬರುತ್ತದೆ: ಡಾಲ್ಫಿನ್‌ಗಳು ಸಾಯುವುದು ಮೀನುಬಲೆಗೆ ಸಿಕ್ಕಿ, ಪ್ರವಾಸಿಗರಿಂದಲ್ಲ. ಬಲೆಯೇ ದೊಡ್ಡ ಅಪಾಯ ಎಂಬುದು ನಿಜ. ಆದರೆ ಬಲೆ ಬೀಸುವುದು ಹೊಟ್ಟೆಪಾಡಿಗೆ. ನಾವು ಹೋಗುವುದು ಖುಷಿಗೆ. ಹೊಟ್ಟೆಪಾಡಿನ ಹಾನಿಗೆ ಪರಿಹಾರ ಹುಡುಕುವುದು ಕಷ್ಟ, ಖುಷಿಯ ಹಾನಿಯನ್ನು ಬಿಟ್ಟುಬಿಡಬಹುದು. ಅಲ್ಲದೆ ನಮ್ಮ 1972ರ ವನ್ಯಜೀವಿ ಕಾಯ್ದೆಯಲ್ಲಿ ಡಾಲ್ಫಿನ್ ಮೊದಲ ಅನುಸೂಚಿಯ ಪ್ರಾಣಿ, ಹುಲಿ ಇರುವ ಪಟ್ಟಿ ಅದು. ಆ ಕಾಯ್ದೆ ಕೊಲ್ಲುವುದನ್ನಷ್ಟೇ ಬೇಟೆ ಎನ್ನುವುದಿಲ್ಲ, ಪ್ರಾಣಿಯನ್ನು ಅಟ್ಟುವುದನ್ನೂ ಬೇಟೆಯಲ್ಲೇ ಸೇರಿಸಿದೆ. ಬಂಡೀಪುರದಲ್ಲಿ ಹುಲಿಯ ಹಿಂದೆ ಮೂರು ಜೀಪು ಓಡಿಸಿದರೆ ನಾವೇ ಸಿಟ್ಟಾಗುತ್ತೇವೆ. ಕಾರವಾರದಲ್ಲಿ ಮೂರು ದೋಣಿ ಓಡಿಸಿದರೆ ಚಪ್ಪಾಳೆ ತಟ್ಟುತ್ತೇವೆ.

ಕಂಡರೆ ತಾನೇ ಕಾಳಜಿ ಹುಟ್ಟುವುದು ಎಂಬ ಇನ್ನೊಂದು ಮಾತಿದೆ. ಗುಜರಾತಿನ ಅನುಭವ ಇದಕ್ಕೆ ಒಳ್ಳೆಯ ಉತ್ತರ. ಅಲ್ಲಿ ತಿಮಿಂಗಿಲ ಶಾರ್ಕನ್ನು ಎಣ್ಣೆಗಾಗಿ, ಮಾಂಸಕ್ಕಾಗಿ ಹಿಡಿಯುತ್ತಿದ್ದರು. 2001ರಲ್ಲಿ ಅದಕ್ಕೆ ಕಾನೂನಿನ ರಕ್ಷಣೆ ಸಿಕ್ಕಿತು. ಬಳಿಕ ಕಥಾವಾಚಕ ಮೊರಾರಿ ಬಾಪು ಅದನ್ನು ತವರಿಗೆ ಹೆರಿಗೆಗೆ ಬರುವ ಮಗಳಿಗೆ ಹೋಲಿಸಿ ಊರೂರಲ್ಲಿ ಮಾತಾಡಿದರು. ಬಲೆ ಕತ್ತರಿಸಿ ಅದನ್ನು ಬಿಟ್ಟ ಮೀನುಗಾರರಿಗೆ ಬಲೆಯ ಪರಿಹಾರವೂ ದೊರೆಯಿತು. ಆ ಮಾತಿಗೆ ಮನಸೋತ ಜನರಲ್ಲಿ ಹೆಚ್ಚಿನವರು ಆ ಮೀನನ್ನು ಜೀವಮಾನದಲ್ಲಿ ಕಂಡಿರಲಿಕ್ಕಿಲ್ಲ. ಕಣ್ಣಿಗೆ ಬಿದ್ದದ್ದಕ್ಕಿಂತ ಮನಸ್ಸಿಗೆ ತಟ್ಟಿದ್ದು ಅಲ್ಲಿ ಕೆಲಸ ಮಾಡಿತು.

ದೋಣಿಯವರ ಹೊಟ್ಟೆಯ ಪ್ರಶ್ನೆಯನ್ನು ಮಾತ್ರ ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಮೀನಿನ ಹಿಡುವಳಿ ಕುಗ್ಗಿದ ಮನೆಗಳಿಗೆ ಪ್ರವಾಸಿಗರ ದುಡ್ಡು ದೊಡ್ಡ ಆಸರೆ. ಆ ದುಡಿಮೆ ಉಳಿಯಬೇಕಾದರೂ ಮಿತಿ ಬೇಕು. ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿ ಡಾಲ್ಫಿನ್ ತೋರಿಸುವ ಸಂಸ್ಥೆ ಒಂದಿದ್ದದ್ದು ಎರಡಾದ ಮೇಲೆ, ಆ ಜಾಗದಲ್ಲಿ ಡಾಲ್ಫಿನ್‌ಗಳ ಸಂಖ್ಯೆ ಸುಮಾರು ಶೇ 15ರಷ್ಟು ಇಳಿದದ್ದು 2006ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿಯಿತು. ಸರ್ಕಾರ ಮತ್ತೆ ಒಂದೇ ಪರವಾನಗಿಗೆ ಇಳಿಯಿತು. ನ್ಯೂಜಿಲೆಂಡಿನ ನಿಯಮದಲ್ಲಿ ಒಂದು ತಿಮಿಂಗಿಲದ 300 ಮೀಟರ್ ಒಳಗೆ ಮೂರಕ್ಕಿಂತ ಹೆಚ್ಚು ದೋಣಿ ಇರುವಂತಿಲ್ಲ. ಅಲ್ಲಿನ ಕೈಕೋರಾದಲ್ಲಿ ಮಾವೋರಿ ಜನರೇ ನಡೆಸುವ ಸಂಸ್ಥೆ, ತಿಮಿಂಗಿಲ ಕಾಣದಿದ್ದರೆ ಹಣದ ಶೇ 80ರಷ್ಟನ್ನು ವಾಪಸ್ ಕೊಡುತ್ತದೆ. ಕಾಣದೆಯೂ ಇರಬಹುದು ಎಂಬುದನ್ನು ಟಿಕೆಟಿನಲ್ಲೇ ಒಪ್ಪಿಕೊಂಡಂತಾಯಿತು.

ಇದನ್ನೆಲ್ಲ ಅರ್ಥಮಾಡಿಕೊಳ್ಳಲು ಉತ್ತರ ಬೆಂಗಳೂರಿನವರಿಗೆ ದೂರ ಹೋಗಬೇಕಿಲ್ಲ. ಹೆಬ್ಬಾಳ, ನಾಗವಾರ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟಾಗ, ಕೆರೆ ಇರುವುದು ಹಕ್ಕಿಗೋ ಮನರಂಜನೆಗೋ ಎಂಬ ಜಗಳ ಹೈಕೋರ್ಟಿನವರೆಗೆ ಹೋಯಿತು. ಯಲಹಂಕದ ಪುಟ್ಟೇನಹಳ್ಳಿ ಕೆರೆ 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಆಯಿತು. ಅಂಥ ಕೆರೆಗೆ ದುರ್ಬೀನು ಹಿಡಿದು ಹೋಗುವವರು ದಂಡೆಯಲ್ಲೇ ನಿಲ್ಲುತ್ತಾರೆ. ಹಕ್ಕಿ ಬಂದರೆ ನೋಡುತ್ತಾರೆ, ಬಾರದಿದ್ದರೆ ಮುಂದಿನ ಭಾನುವಾರ ಮತ್ತೆ ಬರುತ್ತಾರೆ. ಯಾರೂ ದುಡ್ಡು ವಾಪಸ್ ಕೇಳುವುದಿಲ್ಲ. ಇದೇ ಶಿಸ್ತನ್ನು ಕಾರವಾರಕ್ಕೂ ಒಯ್ಯಬೇಕು.

ಹಾಗಾಗಿ ಕೇಳುವ ಪ್ರಶ್ನೆಯನ್ನು ನಾವೇ ಬದಲಿಸೋಣ. ‘ಖಂಡಿತ ಕಾಣಿಸುತ್ತಾ?’ ಎನ್ನುವ ಬದಲು ‘ಎಷ್ಟು ದೂರದಲ್ಲಿ ಇಂಜಿನ್ ನಿಲ್ಲಿಸ್ತೀರಿ?’ ಎಂದು ಕೇಳೋಣ. ದೂರ ನಿಲ್ಲುವ ದೋಣಿಗೆ ಹತ್ತು ರೂಪಾಯಿ ಹೆಚ್ಚೇ ಕೊಡೋಣ. ಡಾಲ್ಫಿನ್‌ನಿಂದ ಎಷ್ಟು ಮೀಟರ್ ದೂರ, ಒಂದು ಗುಂಪಿನ ಬಳಿ ಎಷ್ಟು ದೋಣಿ, ಎಷ್ಟು ಹೊತ್ತು ಎಂಬುದು ದೋಣಿಯ ಪರವಾನಗಿಯಲ್ಲೇ ಬರೆದಿರಬೇಕು, ಜೆಟ್ಟಿಯ ಫಲಕದಲ್ಲಿ ಕನ್ನಡದಲ್ಲಿ ಎಲ್ಲರಿಗೂ ಕಾಣಬೇಕು. ಅರಣ್ಯ ಮತ್ತು ಪ್ರವಾಸೋದ್ಯಮ ಇಲಾಖೆಗಳು ಮೀನುಗಾರರನ್ನು ಕೂರಿಸಿಕೊಂಡು ಆ ಅಳತೆಯನ್ನು ನಿರ್ಧರಿಸಬೇಕು, ಏಕೆಂದರೆ ಆ ನೀರನ್ನು ಅವರಷ್ಟು ಬಲ್ಲವರಿಲ್ಲ. ನಿಯಮ ಬರುವವರೆಗೆ ಅಂತರ ನಿಶ್ಚಯಿಸುವವರು ದೋಣಿಗೆ ದುಡ್ಡು ಕೊಡುವ ನಾವು. ಗಿರಾಕಿ ಹತ್ತಿರ ಹೋಗಿ ಎನ್ನದಿದ್ದರೆ, ಹತ್ತಿರ ಹೋಗುವ ಕಾರಣ ಯಾವ ದೋಣಿಯವರಿಗೂ ಇರುವುದಿಲ್ಲ.