ಬಿಟ್ಟಿ ಯಾರದು ಸ್ವಾಮಿ?

ಒಂದು ಪದಕ್ಕೋಸ್ಕರ ಜಗಳ ತೆಗೆಯೋಕೆ ಕೂತಿದ್ದೀನಿ. ಟಿಕೆಟ್ಟಿಗೆ ಕಾಸು ಕೊಡದೆ ಮಾಡೋ ಪ್ರಯಾಣಕ್ಕೆ ನಮ್ಮ ಬೆಂಗಳೂರಿನ ಕನ್ನಡದಲ್ಲಿ ಈಗ ಎರಡು ಹೆಸರು. ಕ್ರೆಡಿಟ್ ಕಾರ್ಡಿನ ಪಾಯಿಂಟ್ ಕೂಡಿಸಿ ವಿಮಾನದ ಬಿಸಿನೆಸ್ ಕ್ಲಾಸಿನಲ್ಲಿ ಕಾಲು ಚಾಚಿದರೆ ಅದು 'ಫ್ರೀ'. ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಆಧಾರ್ ತೋರಿಸಿ ಕೆಂಪು ಬಸ್ ಹತ್ತಿದ ಹೆಂಗಸಿಗೆ ಸಿಕ್ಕರೆ ಅದು 'ಬಿಟ್ಟಿ'. ಮೊದಲನೆಯದಕ್ಕೆ ಲೈಕು, ಎರಡನೆಯದಕ್ಕೆ ಮೀಮು.

ಹಗರಿಬೊಮ್ಮನಹಳ್ಳಿ ಕಡೆಯ ಒಬ್ಬ ಹುಡುಗ, ದೂರದ ಸಂಬಂಧದಲ್ಲಿ ನನಗೆ ತಮ್ಮ ಆಗಬೇಕು, ಎಂ.ಎಸ್. ಓದೋಕೆ ಅಮೆರಿಕಕ್ಕೆ ಹೋದ. ಅವನ ಜೀವನದ ಮೊದಲ ವಿದೇಶ ಪ್ರಯಾಣವೇ ಬಿಸಿನೆಸ್ ಕ್ಲಾಸು. ಅವನಣ್ಣ ನಮ್ಮ ಥರಾನೇ ಬೆಂಗಳೂರಿನ ಐಟಿ. ಅಕ್ಕನ ಮದುವೆಯ ಬಂಗಾರ, ಬಟ್ಟೆ, ಛತ್ರ ಎಲ್ಲವನ್ನೂ ಅಣ್ಣನ ಕಾರ್ಡಿನಲ್ಲಿ ಉಜ್ಜಿದರು. ಅಪ್ಪ ಕೂಡಿಟ್ಟಿದ್ದ ದುಡ್ಡಿನಿಂದ ಬಿಲ್ ಕಟ್ಟಿದರು. ಬಂದ ಪಾಯಿಂಟುಗಳನ್ನು ವಿಮಾನ ಕಂಪನಿಯ ಮೈಲಿಗಳಾಗಿ ಬದಲಿಸಿ ಒಂದು ಟಿಕೆಟ್ ಎತ್ತಿದರು. ತೆರಿಗೆ, ಶುಲ್ಕ ಅಂತ ಒಂದಿಷ್ಟು ಸಾವಿರ ಮಾತ್ರ ಕೈಯಿಂದ ಹೋಯ್ತು. ಹಾಸಿಗೆ ಆಗೋ ಸೀಟು, ಬಿಸಿ ಟವೆಲ್ಲು, ಪಿಂಗಾಣಿ ತಟ್ಟೆಯ ಊಟ, ಎಲ್ಲದರ ಫೋಟೋ ನನ್ನ ಮೊಬೈಲಿಗೆ ಬಂತು. ಕೆಳಗೆ ಒಂದು ಸಾಲು: 'ಅಣ್ಣಾ, ಫುಲ್ ಫ್ರೀ!'

ನನಗೆ ಖುಷಿಯೇ ಆಯ್ತು. ಅಷ್ಟು ದೂರ ಮೊಣಕಾಲು ಮುದುರಿಕೊಂಡು ಹೋಗೋದು ತಪ್ಪಿತಲ್ಲ, ಒಳ್ಳೇದಾಯ್ತು. ಆದರೆ ಅದೇ ಹುಡುಗನ ಸ್ಟೇಟಸ್ಸಿನಲ್ಲಿ ಎರಡು ತಿಂಗಳ ಹಿಂದೆ ಒಂದು ವಿಡಿಯೊ ಇತ್ತು. ಬಸ್ಸಿನ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಎಸೀತಿರೋ ಹೆಂಗಸರು, ಮೇಲೆ 'ಬಿಟ್ಟಿ ಭಾಗ್ಯ' ಅಂತ ಬರಹ. ಆ ಪದ ಅವನು ಹುಟ್ಟಿಸಿದ್ದಲ್ಲ. ಅವನಿಗಿಂತ ಹತ್ತು ವರ್ಷ ಮುಂಚೆ ಊರು ಬಿಟ್ಟು ಬಂದ ನಮ್ಮಂಥವರ ಬಾಯಿಂದ ಕಲಿತದ್ದು. ಹಾಗಾಗಿ ಜಗಳ ಅವನ ಜೊತೆ ಅಲ್ಲ, ಅವನಿಗೆ ಕಲಿಸಿದ ನಮ್ಮ ಬಳಗದ ಜೊತೆ.

ಕೆಲವು ವರ್ಷ ನಾನು ಪೇಮೆಂಟ್ ಸಾಫ್ಟ್‌ವೇರ್ ಕೆಲಸ ಮಾಡಿದವನು. ಹಾಗಾಗಿ ಲೆಕ್ಕದಿಂದಲೇ ಶುರು ಮಾಡ್ತೀನಿ. ನೀವು ಅಂಗಡಿಯಲ್ಲಿ ನೂರು ರೂಪಾಯಿಗೆ ಕ್ರೆಡಿಟ್ ಕಾರ್ಡ್ ಉಜ್ಜಿದರೆ ಅಂಗಡಿಯವನ ಖಾತೆಗೆ ನೂರು ಬರೋದಿಲ್ಲ. ಎರಡು ರೂಪಾಯಿ ಆಸುಪಾಸು ಮುರಕೊಂಡು ಉಳಿದದ್ದು ಬರುತ್ತೆ. ಇದಕ್ಕೆ ಎಂಡಿಆರ್ ಅಂತಾರೆ. ಆ ಶುಲ್ಕದ ಮೇಲೆ 18% ಜಿಎಸ್‌ಟಿ ಬೇರೆ. ಅದರಲ್ಲಿ ದೊಡ್ಡ ಪಾಲು ನಿಮಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ. ಉಳಿದದ್ದು ಕಾರ್ಡ್ ಜಾಲದ ಕಂಪನಿಗೆ ಮತ್ತು ಅಂಗಡಿಗೆ ಮಷಿನ್ ಕೊಟ್ಟವರಿಗೆ. ನಿಮ್ಮ ಬ್ಯಾಂಕು ತನ್ನ ಪಾಲಿನಲ್ಲಿ ಒಂದು ತುಂಡು ಮುರಿದು ನಿಮ್ಮ ಕೈಗೆ ಹಾಕಿ 'ರಿವಾರ್ಡ್' ಅನ್ನುತ್ತೆ. ನೀವು ಆ ಪಾಯಿಂಟನ್ನು ಮೈಲಿ ಮಾಡಿದಾಗ ಬ್ಯಾಂಕು ವಿಮಾನ ಕಂಪನಿಗೆ ನಿಜವಾದ ದುಡ್ಡು ಕೊಟ್ಟು ಆ ಮೈಲಿ ಕೊಳ್ಳುತ್ತೆ. ಎಲ್ಲೂ ಮ್ಯಾಜಿಕ್ ಇಲ್ಲ.

ನಂಬಿಕೆ ಬರದಿದ್ದರೆ ಒಂದು ಪರೀಕ್ಷೆ ಮಾಡಿ. ಕೊಟ್ಟೂರಿಗೆ ಹೋದಾಗ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ಬ್ಯಾಂಕ್ ಖಾತೆಯಿಂದ ನೇರವಾಗಿ ಯುಪಿಐ ಮಾಡಿ. ಎಷ್ಟು ಮೈಲಿ ಬಂತು? ಸೊನ್ನೆ. ಯಾಕಂದ್ರೆ 2020ರ ಜನವರಿ 1ರಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿಗೆ ಅಂಗಡಿಯವನಿಂದ ಎಂಡಿಆರ್ ಕೀಳೋ ಹಾಗಿಲ್ಲ. ಮಿರ್ಚಿ ಅಂಗಡಿಯವನ ಜೇಬಿಗೆ ಕೈ ಹಾಕೋಕೆ ಆಗದ ಕಡೆ ನಿಮಗೆ ಪಾಯಿಂಟೂ ಇಲ್ಲ. ಮೈಲಿ ಎಲ್ಲಿಂದ ಹುಟ್ಟುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಹಾಗಾದ್ರೆ ಆ ಎರಡು ರೂಪಾಯಿ ಅಂಗಡಿಯವನೇ ನುಂಗಿಕೊಳ್ತಾನಾ? ಕೆಲವರು ಬಾಯಿ ಬಿಟ್ಟು ಕೇಳ್ತಾರೆ: 'ಸರ್, ಕಾರ್ಡ್ ಆದ್ರೆ ಎರಡು ಪರ್ಸೆಂಟ್ ಜಾಸ್ತಿ ಆಗುತ್ತೆ.' ಆಗ ನಮಗೆ ಎಲ್ಲಿಲ್ಲದ ಸಿಟ್ಟು. ಕಂಪ್ಲೇಂಟ್ ಕೊಡ್ತೀನಿ ಅಂತ ಮೊಬೈಲ್ ತೆಗೀತೀವಿ. ಕೇಳೋಕಾಗದವರು ಅದನ್ನ ಎಲ್ಲರ ಬೆಲೆಯಲ್ಲೂ ಸೇರಿಸ್ತಾರೆ. ಆಗ ಪಕ್ಕದಲ್ಲಿ ನೋಟು ಎಣಿಸಿ ಕೊಡೋನು ನಿಮ್ಮ ಪಾಯಿಂಟಿಗೂ ಸೇರಿಸಿ ಕೊಟ್ಟ ಹಾಗಾಯ್ತು, ಅವನಿಗೆ ಗೊತ್ತಿಲ್ಲದೆ.

ಆನ್‌ಲೈನ್ ಅಂಗಡಿಯಲ್ಲಂತೂ ಇದು ಕಣ್ಣಿಗೆ ಹೊಡೆಯುತ್ತೆ. ಹಬ್ಬದ ಸೇಲ್‌ನಲ್ಲಿ ಇಂಥ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಇದ್ದರೆ 10% ರಿಯಾಯಿತಿ, ಮೇಲೆ ಪಾಯಿಂಟು. ಕೂಡ್ಲಿಗಿ ತಾಲೂಕಿನ ಹಳ್ಳಿಯಲ್ಲಿ ಕೂತು ಅದೇ ಕುರ್ತಾ ತರಿಸೋ ಹುಡುಗಿ, ಡೆಲಿವರಿ ಹುಡುಗನ ಕೈಗೆ ನಗದು ಕೊಡೋಳು, ಪೂರ್ತಿ ಬೆಲೆ ಕೊಡ್ತಾಳೆ. ಕೆಲವು ಕಡೆ ಕ್ಯಾಶ್ ಆನ್ ಡೆಲಿವರಿಗೆ ಅಂತ ಅವಳಿಂದಲೇ ಇನ್ನೊಂದಿಷ್ಟು ಕೀಳ್ತಾರೆ.

ಅಮೆರಿಕದಲ್ಲಿ ಇದರ ಲೆಕ್ಕವನ್ನೇ ಹಾಕಿದ್ದಾರೆ. ಬಾಸ್ಟನ್ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಗದು ಬಳಸೋ ಒಂದು ಸರಾಸರಿ ಕುಟುಂಬ ವರ್ಷಕ್ಕೆ 149 ಡಾಲರ್ ಕಳಕೊಳ್ಳುತ್ತೆ, ಕಾರ್ಡ್ ಬಳಸೋ ಕುಟುಂಬಕ್ಕೆ 1,133 ಡಾಲರ್ ಬರುತ್ತೆ. ಒಟ್ಟಾರೆ ಹರಿವು ಕಡಿಮೆ ಆದಾಯದವರಿಂದ ಹೆಚ್ಚು ಆದಾಯದವರ ಕಡೆಗೆ. ಕಾರ್ಡು ಹುಟ್ಟಿ ಬೆಳೆದ ದೇಶದ ಕಥೆಯೇ ಇದು. ಸಂಬಳದ ಸ್ಲಿಪ್ಪು ನೋಡಿಯೇ ಕಾರ್ಡ್ ಕೊಡೋ ನಮ್ಮಲ್ಲಿ ಹರಿವು ಯಾವ ಕಡೆಗೆ ಅಂತ ನೀವೇ ಊಹಿಸಿ.

ಇನ್ನೊಂದು ಮೂಲ ಬಡ್ಡಿ. ನಮ್ಮ ಊರಿನಲ್ಲಿ ನೂರಕ್ಕೆ ಮೂರರ ಬಡ್ಡಿಗೆ ಕೊಡೋ ಸಾಹುಕಾರನ ಹೆಸರು ಹೇಳುವಾಗ ಜನ ಬೈಗುಳ ಸೇರಿಸಿಯೇ ಹೇಳ್ತಾರೆ. ತಿಂಗಳಿಗೆ ಮೂರು ಅಂದ್ರೆ ವರ್ಷಕ್ಕೆ ಮೂವತ್ತಾರು. ನಿಮ್ಮ ಕ್ರೆಡಿಟ್ ಕಾರ್ಡಿನ ಬಿಲ್ ತೆಗೆದು ಕೊನೇ ಪುಟದ ಸಣ್ಣ ಅಕ್ಷರ ಓದಿ. ತಿಂಗಳಿಗೆ ಮೂರೂವರೆ ಅಂತ ಇದ್ದರೆ ವರ್ಷಕ್ಕೆ ನಲವತ್ತೆರಡಾಯ್ತು. ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ, ವರ್ಷಕ್ಕೆ 30%ಗಿಂತ ಹೆಚ್ಚು ಬಡ್ಡಿ ಹಾಕೋದು ಅನ್ಯಾಯದ ವ್ಯಾಪಾರ ಅಂತ ಹೇಳಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಈಗ ಆ ಮಿತಿ ಇಲ್ಲ. 'ನಾನು ಒಂದು ದಿನವೂ ತಡ ಮಾಡಲ್ಲಪ್ಪ' ಅಂತೀರಿ. ಸರಿ. ತಡ ಮಾಡಿದವನು ಯಾರು? ಕೆಲಸ ಹೋದವನು, ಮನೇಲಿ ಕಾಯಿಲೆ ಬಿದ್ದವರಿದ್ದವನು, ಮೊದಲ ಸಂಬಳದ ಜೋಶಿನಲ್ಲಿ ಕಾರ್ಡ್ ಮಾಡಿಸಿ 'ಮಿನಿಮಮ್ ಡ್ಯೂ' ಕಟ್ಟಿದ್ರೆ ಸಾಕು ಅಂದುಕೊಂಡ ಹುಡುಗ. ಪಾಯಿಂಟ್ ಹಂಚೋಕೆ ಬ್ಯಾಂಕಿಗೆ ಧೈರ್ಯ ಬರೋದರಲ್ಲಿ ಅವರ ಬಡ್ಡಿಯ ಪಾಲೂ ಇದೆ.

ಮೂರನೆಯದು ಆಫೀಸಿನ ಮೈಲಿ. ಕಂಪನಿ ಟಿಕೆಟ್ ಕೊಡಿಸುತ್ತೆ, ಮೈಲಿ ನಮ್ಮ ಖಾತೆಗೆ ಬೀಳುತ್ತೆ. ಇದರಲ್ಲಿ ತಪ್ಪೇನು ಅನ್ನೋರು ಜರ್ಮನಿಯ ಕಥೆ ಕೇಳಬೇಕು. ಸಂಸದರಾಗಿ ಸರ್ಕಾರದ ಖರ್ಚಿನಲ್ಲಿ ಹಾರಿ ಗಳಿಸಿದ ಮೈಲಿಗಳನ್ನು ಸ್ವಂತ ಪ್ರಯಾಣಕ್ಕೆ ಬಳಸಿದ್ದು ಬಯಲಾಗಿ 2002ರಲ್ಲಿ ಚೆಮ್ ಓಜ್ದೆಮೀರ್, ಗ್ರೆಗರ್ ಗೀಸಿಯಂಥ ನಾಯಕರು ತಮ್ಮ ಹುದ್ದೆ ಬಿಡಬೇಕಾಯ್ತು. ಮೈಲಿಗೆ ಬೆಲೆ ಇದೆ, ಆ ಬೆಲೆ ಕೊಟ್ಟವರು ಬೇರೆ ಯಾರೋ ಅಂತ ಅಲ್ಲಿನ ಜನಕ್ಕೆ ತಕ್ಷಣ ಹೊಳೀತು.

ಬೆಲೆ ಎಷ್ಟು ಅಂತ ವಿಮಾನ ಕಂಪನಿಗಳಿಗೂ ಚೆನ್ನಾಗಿ ಗೊತ್ತು. ಅಮೆರಿಕನ್ ಏರ್‌ಲೈನ್ಸ್ ತನ್ನ ಮೈಲಿ ಯೋಜನೆ ಶುರು ಮಾಡಿದ್ದು 1981ರಲ್ಲಿ, ಪದೇಪದೇ ಹಾರೋ ಗಿರಾಕಿಗಳನ್ನ ಹಿಡಿದಿಟ್ಟುಕೊಳ್ಳೋಕೆ. ಕೊರೊನಾ ಕಾಲದಲ್ಲಿ, 2021ರಲ್ಲಿ, ಅದೇ ಯೋಜನೆಯನ್ನ ಅಡವಿಟ್ಟು ಒಂದು ಸಾವಿರ ಕೋಟಿ ಡಾಲರ್ ಸಾಲ ಎತ್ತಿತು. ನಮ್ಮಪ್ಪ ಬೋರ್‌ವೆಲ್ ಕೊರೆಸೋಕೆ ಹೊಲದ ಪಹಣಿ ಹಿಡಕೊಂಡು ಬ್ಯಾಂಕಿಗೆ ಹೋದ ಹಾಗೆ, ಅವರು ನಿಮ್ಮ ಮೈಲಿಗಳನ್ನ ಹಿಡಕೊಂಡು ಹೋದರು. ಬಿಟ್ಟಿ ವಸ್ತುವನ್ನ ಯಾರಾದರೂ ಅಡವಿಗೆ ತಗೋತಾರಾ?

ಇನ್ನು 'ಮೈಲಿ' ಅನ್ನೋ ಹೆಸರು. ಪ್ರಯಾಣಕ್ಕೆ ಸಿಗೋ ಬಹುಮಾನ ಅನ್ನಿಸೋ ಹಾಗೆ ಇಟ್ಟ ಹೆಸರದು. ದೂರ ಸವೆಸಿದ್ದಕ್ಕೆ ಕೊಡೋದಾದರೆ, ಕೂಡ್ಲಿಗಿ, ಹರಪನಹಳ್ಳಿ ಕಡೆಯಿಂದ ಚಿಕ್ಕಮಗಳೂರಿನ ಕಾಫಿ ತೋಟಕ್ಕೆ ಗಂಟುಮೂಟೆ ಕಟ್ಟಿಕೊಂಡು ಹೋಗಿ ಬರೋ ಕೂಲಿಯವರಿಗೆ ಕೊಡಬೇಕಿತ್ತು. ಕೊಟ್ಟೂರೇಶ್ವರನ ತೇರಿಗೆ, ಹಡಗಲಿ ತಾಲೂಕಿನ ಮೈಲಾರದ ಜಾತ್ರೆಗೆ ನಡಕೊಂಡೇ ಬರೋರಿಗೆ ಮೊದಲ ಸಾಲಿನ ಸೀಟು ಕೊಡಬೇಕಿತ್ತು. ಮದುವೆ ಬಂಗಾರ ಕೊಂಡು ಬಂದ ಪಾಯಿಂಟಿಗೆ 'ಮೈಲಿ' ಅನ್ನೋದಕ್ಕಿಂತ 'ಖರ್ಚಿನ ಕಮಿಷನ್' ಅನ್ನೋದು ಸರಿಯಾದ ಕನ್ನಡ.

ಈಗ ಕೆಂಪು ಬಸ್ಸಿಗೆ ಬರೋಣ. ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ರಂದು. 2025ರ ಜುಲೈ ಹೊತ್ತಿಗೆ 500 ಕೋಟಿ ಟಿಕೆಟ್ ದಾಟಿತು. ವರ್ಷಕ್ಕೆ ಐದು ಸಾವಿರ ಕೋಟಿಗೂ ಹೆಚ್ಚು ದುಡ್ಡು. ಇದು ನನಗೆ ಹೇಗೆ ಗೊತ್ತು? ಬಜೆಟ್ಟಿನಲ್ಲಿ ಬರೆದಿದೆ, ಪೇಪರಿನಲ್ಲಿ ಬಂದಿದೆ. ಹತ್ತಿದ ಪ್ರತಿ ಹೆಂಗಸಿಗೂ ಕಂಡಕ್ಟರ್ ಶೂನ್ಯ ಮೊತ್ತದ ಟಿಕೆಟ್ ಹರಿದುಕೊಡಬೇಕು, ಆ ಲೆಕ್ಕದ ಮೇಲೆ ಸರ್ಕಾರ ನಿಗಮಕ್ಕೆ ದುಡ್ಡು ತುಂಬಬೇಕು. ತುಂಬದೆ ಬಾಕಿ ಉಳಿಸಿಕೊಂಡರೆ ವಿರೋಧ ಪಕ್ಷ ಕೇಳುತ್ತೆ, ನೌಕರರು ಕೇಳ್ತಾರೆ. 2025ರ ಜನವರಿಯಲ್ಲಿ ಟಿಕೆಟ್ ದರ 15% ಏರಿದಾಗ ಗಂಡಸರು ಬಸ್ಸಿನಲ್ಲೇ ಕೂಗಾಡಿದ್ದನ್ನ ನಾನೇ ಕೇಳಿದ್ದೀನಿ. ಕೂಗಾಡಲಿ, ಅದು ಅವರ ಹಕ್ಕು. ಬೆಳಗಿನ ಬಸ್ಸಿನಲ್ಲಿ ಕಾಲೇಜು ಹುಡುಗರು ಬಾಗಿಲಲ್ಲಿ ಜೋತು ಬೀಳೋದು ಸುಳ್ಳಲ್ಲ, ಹೆಚ್ಚು ಬಸ್ ಬಿಡಬೇಕು ಅನ್ನೋದೂ ಸುಳ್ಳಲ್ಲ. ಇಷ್ಟವಾಗದಿದ್ದರೆ ಐದು ವರ್ಷಕ್ಕೊಮ್ಮೆ ಸರ್ಕಾರ ಬದಲಾಯಿಸೋ ದಾರಿಯಾದರೂ ಇದೆ. ಎಂಡಿಆರ್ ಬಗ್ಗೆ ಮತ ಹಾಕಿದ ನೆನಪು ನಿಮಗಿದೆಯಾ?

'ಶ್ರೀಮಂತ ಹೆಂಗಸರೂ ಬಿಟ್ಟಿ ಹೋಗ್ತಾರಲ್ಲ?' ಅನ್ನೋದು ಮಾಮೂಲಿ ಪ್ರಶ್ನೆ. ಐರಾವತಕ್ಕೆ, ರಾಜಹಂಸಕ್ಕೆ, ಎಸಿ ಬಸ್ಸಿಗೆ ಶಕ್ತಿ ಇಲ್ಲ. ಇರೋದು ಹಳ್ಳಿ ಹಳ್ಳಿಗೆ ನಿಂತು ಹೋಗೋ ಸಾಮಾನ್ಯ ಬಸ್ಸಿಗೆ. ಶ್ರೀಮಂತರು ಅದರಲ್ಲಿ ನಿಂತುಕೊಂಡು ಬರೋದಾದರೆ ಬರಲಿ ಬಿಡಿ. ಅದರಲ್ಲಿ ದಿನಾ ಕಾಣೋರು ಬೇರೆ: ಹಡಗಲಿ ಮಲ್ಲಿಗೆ ಬುಟ್ಟಿ ಇಟ್ಟುಕೊಂಡವಳು, ಹೊಸಪೇಟೆ ಕಾಲೇಜಿಗೆ ಹೋಗೋ ಹಗರಿಬೊಮ್ಮನಹಳ್ಳಿ ಹುಡುಗಿ, ಬಳ್ಳಾರಿ ದೊಡ್ಡಾಸ್ಪತ್ರೆಗೆ ಚೀಟಿ ಹಿಡಕೊಂಡು ಹೊರಟ ಮುದುಕಿ. ನಮ್ಮವ್ವ ಹೇಳೋದು ಇಷ್ಟೇ: 'ಮೊದ್ಲು ತಂಗಿ ಮನೀಗೆ ಹೋಗಾಕ ನಿಮ್ಮಪ್ಪನ ಹತ್ರ ಚಾರ್ಜ್ ಕೇಳಬೇಕಿತ್ತು. ಈಗ ಚೀಲ ಹಿಡ್ಕಂಡು ಹೊಂಟುಬಿಡ್ತೀನಿ.' ಕೇಳದೇ ಹೊರಡೋದಿದೆಯಲ್ಲ, ಅದರ ಬೆಲೆಯನ್ನ ಯಾವ ಪಾಯಿಂಟಿನಲ್ಲಿ ಹೇಳ್ತೀರಿ?

'ಮೈಲಿ ಸೀಟು ಹೆಂಗಿದ್ರೂ ಖಾಲಿ ಹೋಗ್ತಿತ್ತು, ಯಾರಿಗೇನು ನಷ್ಟ?' ಅನ್ನೋದು ಇನ್ನೊಂದು ವಾದ. ಒಪ್ಪಿದೆ. ಹಾಗಂತ ಹಡಗಲಿ ಬಸ್ಸಿನ ಖಾಲಿ ಸೀಟಿಗೂ ಅದೇ ನ್ಯಾಯ ಅನ್ವಯಿಸಿ. ಅದೂ ಹೆಂಗಿದ್ರೂ ಹೊರಡೋದೇ. 'ಇದು ನನ್ನ ಜಾಣತನ, ಯಾವ ಕಾರ್ಡಿನ ಪಾಯಿಂಟ್ ಎಲ್ಲಿಗೆ ವರ್ಗಾಯಿಸಬೇಕು ಅಂತ ರಾತ್ರಿಯೆಲ್ಲ ಓದಿದ್ದೀನಿ' ಅನ್ನೋರಿಗೂ ಒಂದು ಮಾತು. ಸಮಯ ಕಳೆದಿದ್ದೀರಿ, ನಿಜ. ಆದರೆ ಆ ಆಟದ ಮೈದಾನಕ್ಕೆ ಬಿಡೋದು ಸಂಬಳ ನೋಡಿ. ಹರಪನಹಳ್ಳಿ ಸಂತೆಯಲ್ಲಿ ಈರುಳ್ಳಿ ಮಾರೋಳಿಗೆ ನಿಮಗಿಂತ ಚೆನ್ನಾಗಿ ಲೆಕ್ಕ ಬರುತ್ತೆ. ಅವಳಿಗೆ ಕಾರ್ಡ್ ಕೊಡೋರಿಲ್ಲ, ಅಷ್ಟೇ.

ಹಾಗಂತ ಮೈಲಿ ಬಿಸಾಕಿ ಅಂತ ನಾನು ಹೇಳ್ತಿಲ್ಲ. ಪಾಯಿಂಟ್ ಇದ್ದರೆ ಬಳಸಿ, ಅಪ್ಪ ಅವ್ವನನ್ನ ಕರಕೊಂಡು ಹೋಗಿ, ಸೀಟು ಮಲಗಿಸಿ ಚೆನ್ನಾಗಿ ನಿದ್ದೆ ಮಾಡಿಸಿ. ನಾನು ಕೇಳೋದು ಮೂರು. ಒಂದು, ಬಿಲ್ಲಿನಲ್ಲಿ ಜಿಎಸ್‌ಟಿ ಬರೆಯೋ ಹಾಗೆ ಕಾರ್ಡಿನ ಶುಲ್ಕವನ್ನೂ ಬರೀಲಿ. ಯಾರು ಯಾರಿಗೆ ಎಷ್ಟು ಕೊಡ್ತಿದ್ದಾರೆ ಅಂತ ಎಲ್ಲರಿಗೂ ಕಾಣಲಿ. ಎರಡು, ನಗದು ಅಥವಾ ಯುಪಿಐ ಕೊಡೋ ಗಿರಾಕಿಗೆ ಅಂಗಡಿಯವನು ಆ ಎರಡು ರೂಪಾಯಿ ಬಿಟ್ಟರೆ ಪಕ್ಕದಲ್ಲಿ ನಿಂತು ಮುಖ ಗಂಟು ಹಾಕಬೇಡಿ. ಮೂರು, 'ಬಿಟ್ಟಿ' ಅನ್ನೋ ಪದವನ್ನ ಬಳಸಲೇಬೇಕು ಅನ್ನಿಸಿದರೆ ಎರಡು ಸೀಟಿಗೂ ಬಳಸಿ, ಇಲ್ಲದಿದ್ದರೆ ಎರಡಕ್ಕೂ ಬಿಡಿ.

ಹುಡುಗನಿಗೂ ಇದನ್ನೇ ಬರೆದು ಕಳಿಸಿದೆ, ಇಷ್ಟು ಉದ್ದ ಅಲ್ಲ. ಒಂದು ದಿನ ಬಿಟ್ಟು ಉತ್ತರ ಬಂತು: 'ಅಣ್ಣಾ, ನಮ್ಮವ್ವನೂ ವಾರಕ್ಕೊಂದ್ಸಲ ಅದೇ ಬಸ್ನಾಗ ಹೊಸಪೇಟೆಗೆ ಹೋಗ್ತಾಳ.' ಅದಕ್ಕೆ ನಾನು ಮತ್ತೇನೂ ಬರೀಲಿಲ್ಲ. ಆದರೆ ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ಕೂರೋರ ಪೈಕಿ ಎಷ್ಟು ಜನರ ಅವ್ವ, ಅಕ್ಕ, ಚಿಕ್ಕಮ್ಮ ಆ ಬಸ್ಸಿನಲ್ಲಿದ್ದಾರೆ ಅಂತ ನಾಳೆ ಕೇಳಬೇಕು ಅಂತಿದ್ದೀನಿ. ನೀವೂ ನಿಮ್ಮ ಟೇಬಲ್ಲಿನಲ್ಲಿ ಕೇಳಿ ನೋಡಿ.