ಮುಚ್ಚದ ವಾಲ್ವ್, ಮುಚ್ಚಿಹೋದ ಸತ್ಯ

ಥ್ರೀ ಮೈಲ್ ಐಲೆಂಡ್ ಅಪಘಾತಕ್ಕೆ ನಿರ್ವಾಹಕರ ಎಡವಟ್ಟೇ ಕಾರಣವೆಂದು ಕಳೆದ ಸಂಚಿಕೆಯ ಲೇಖನ ತೀರ್ಪು ಕೊಟ್ಟಿದೆ. ಇದು ಅರ್ಧಸತ್ಯ.

1979ರ ಮಾರ್ಚ್ 28ರ ನಸುಕಿನಲ್ಲಿ ಪೆನ್ಸಿಲ್ವೇನಿಯಾದ ಆ ಅಣುಸ್ಥಾವರದಲ್ಲಿ ಒತ್ತಡ ಇಳಿಸಲು ತೆರೆದ ರಿಲೀಫ್ ವಾಲ್ವ್ ಮತ್ತೆ ಮುಚ್ಚಲಿಲ್ಲ. ನಿಯಂತ್ರಣ ಕೊಠಡಿಯ ದೀಪವೇನೋ ಆರಿತು. ಆದರೆ ಅದು ತಿಳಿಸಿದ್ದು ಮುಚ್ಚುವ ಸಂಕೇತವನ್ನಷ್ಟೇ, ವಾಲ್ವ್‌ನ ನಿಜಸ್ಥಿತಿಯನ್ನಲ್ಲ. ಎರಡು ಗಂಟೆಗೂ ಹೆಚ್ಚು ಕಾಲ ರಿಯಾಕ್ಟರ್ ತಣಿಸುವ ನೀರು ಸೋರಿಹೋಯಿತು.

ತುರ್ತು ನೀರಿನ ಹರಿವನ್ನು ತಗ್ಗಿಸಿದ್ದು ನಿರ್ವಾಹಕರೇ, ನಿಜ. ಆದರೆ 1977ರಲ್ಲೇ ಓಹಾಯೋದ ಡೇವಿಸ್-ಬೆಸ್ಸಿ ಸ್ಥಾವರದಲ್ಲಿ ಇಂಥದೇ ವಾಲ್ವ್ ಹೀಗೆಯೇ ಕೈಕೊಟ್ಟಿತ್ತು. ಆ ಪಾಠವನ್ನು ಇವರಿಗೆ ಯಾರೂ ತಲುಪಿಸಿರಲಿಲ್ಲ.

ಅಪಘಾತದ ಬಳಿಕ ಅಮೆರಿಕದ ಅಣು ನಿಯಂತ್ರಣ ಆಯೋಗವು ವಾಲ್ವ್ ಸ್ಥಿತಿಯನ್ನು ನೇರವಾಗಿ ತೋರಿಸುವ ಸೂಚಕವನ್ನು ಕಡ್ಡಾಯಗೊಳಿಸಿತು. ತಪ್ಪೆಲ್ಲ ಮನುಷ್ಯರದೇ ಆಗಿದ್ದರೆ ಯಂತ್ರವನ್ನು ತಿದ್ದಿದ್ದೇಕೆ?